ಪರದೇಶದ ಪಯಣವೂ ರೂಪಾಯಿಯ ವಟ್ಟವೂ

ದೇವನಹಳ್ಳಿಯ ಸೀಮೆಯಲ್ಲಿ 2008ನೆಯ ಇಸವಿಯ ಮೇ ತಿಂಗಳಲ್ಲಿ ವಿಮಾನ ನಿಲ್ದಾಣವು ತೆರೆದಂದಿನಿಂದ ನಮ್ಮ ಸುತ್ತಣ ತಾಲ್ಲೂಕುಗಳ ಜನರಿಗೆ ಪರದೇಶವೆಂಬುದು ನೆರೆಮನೆಯಾಗಿದೆ. ಕಾಶಿಗೆ ಹೊರಟವರನ್ನು ಊರ ಗಡಿಯವರೆಗೆ ನಡೆದು ಬೀಳ್ಕೊಡುತ್ತಿದ್ದ ಮನೆತನಗಳಿಂದಲೇ ಈಗ ವೃದ್ಧ ದಂಪತಿಗಳು ಮಕ್ಕಳನ್ನು ಕಾಣಲು ಸಿಂಗಪುರಕ್ಕೂ ಅಮೆರಿಕೆಗೂ ಹೊರಡುತ್ತಾರೆ. ರಹದಾರಿಯನ್ನೂ ಉಪ್ಪಿನಕಾಯಿಯ ಜಾಡಿಯನ್ನೂ ಹತ್ತು ಸಲ ಮುಟ್ಟಿ ನೋಡಿಕೊಳ್ಳುವ ಇವರು ಹಣದ ವಿಷಯವೊಂದನ್ನು ಮಾತ್ರ ಕಡೆಯ ಗಳಿಗೆಗೆ ಬಿಡುತ್ತಾರೆ, ನಷ್ಟವಾಗುವುದೂ ಅಲ್ಲಿಯೇ.

ನಮ್ಮ ಪರಿಚಿತರಾದ ದೊಡ್ಡಬಳ್ಳಾಪುರದ ನೇಕಾರರೊಬ್ಬರು ಮಗಳ ಬಾಣಂತನಕ್ಕೆಂದು ಪತ್ನಿಯೊಡನೆ ಸಿಂಗಪುರಕ್ಕೆ ಹೋಗುವಾಗ, ಒಂದು ವಿನಿಮಯದ ಕಟ್ಟೆಯಲ್ಲಿ ನಲವತ್ತು ಸಾವಿರ ರೂಪಾಯಿ ಕೊಟ್ಟು ಅಲ್ಲಿಯ ಡಾಲರುಗಳನ್ನು ಕೊಂಡರು. ಸಹಿ ಮಾಡಿದ ಹಾಳೆಯಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ಮಗಳು ತಂದೆಯಿಂದ ಖರ್ಚು ಮಾಡಗೊಡಲಿಲ್ಲ. ನೋಟುಗಳೆಲ್ಲವನ್ನೂ ಹಾಗೆಯೇ ತಂದು ಅದೇ ಕಟ್ಟೆಗೆ ಮರಳಿ ಕೊಟ್ಟಾಗ ಕೈಗೆ ಬಂದದ್ದು ಮೂವತ್ತೈದು ಸಾವಿರ. “ಸ್ವಾಮಿ, ನಾನು ಏನನ್ನೂ ಕೊಳ್ಳಲಿಲ್ಲವಲ್ಲ, ಐದು ಸಾವಿರ ಎಲ್ಲಿ ಹೋಯಿತು?” ಎಂದು ಅವರು ನಮ್ಮ ಕಚೇರಿಗೆ ಬಂದು ಕೇಳಿದರು. ಮಗ್ಗದ ಮುಂದೆ ಕುಳಿತು ಗಳಿಸಿದ ಹಣದ ಪ್ರಶ್ನೆ ಅದು.

ಉತ್ತರವು ಹಳೆಯ ಒಂದು ಕನ್ನಡ ಮಾತಿನಲ್ಲಿದೆ: ವಟ್ಟ. ಕಂಠೀರವ ನರಸರಾಜ ಒಡೆಯರ ಹೆಸರಿನ ಕಂಠೀರಾಯಿ ಹಣವೂ, ಹೈದರನ ಬಹದ್ದೂರಿ ವರಹವೂ, ಕುಂಪಣಿಯ ರೂಪಾಯಿಯೂ ಒಂದೇ ಪೇಟೆಯಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಚಿನಿವಾರನು ಕೊಡುವಾಗ ಒಂದು ದರವನ್ನೂ ಕೊಳ್ಳುವಾಗ ಇನ್ನೊಂದನ್ನೂ ಹೇಳಿ ವಟ್ಟವನ್ನು ಹಿಡಿದುಕೊಳ್ಳುತ್ತಿದ್ದನು. ಅದು ಎಲ್ಲರೂ ಬಲ್ಲ ಸಂಗತಿಯಾಗಿತ್ತು. ಇಂದಿನ ಕಟ್ಟೆಯವರು “ಕಮಿಷನ್ ಇಲ್ಲ” ಎಂದು ದೊಡ್ಡಕ್ಷರದಲ್ಲಿ ಬರೆದು, ಎರಡು ದರಗಳ ನಡುವಣ ಕಂದಕದಲ್ಲಿ ಅದನ್ನು ಅಡಗಿಸಿಡುತ್ತಾರೆ. ಆದುದರಿಂದ ಪ್ರಯಾಣಿಕನು ಹಣ ಕೊಡುವ ಮುನ್ನ ಒಂದೇ ಮಾತನ್ನು ಕೇಳಬೇಕು: ಇದನ್ನೇ ಈ ಕ್ಷಣದಲ್ಲಿ ಹಿಂದಿರುಗಿಸಿದರೆ ಎಷ್ಟು ರೂಪಾಯಿ ಕೊಡುವಿರಿ? ನಮ್ಮ ನೇಕಾರರು ಆ ನೋಟುಗಳನ್ನು ಮಾರಲೇಬೇಕಾಗಿಯೂ ಇರಲಿಲ್ಲ. ಉಳಿದ ವಿದೇಶೀ ನೋಟುಗಳನ್ನು ಎರಡು ಸಾವಿರ ಅಮೆರಿಕನ್ ಡಾಲರುಗಳ ಬೆಲೆಯವರೆಗೆ ಮುಂದಿನ ಪ್ರಯಾಣಕ್ಕೆಂದು ಇಟ್ಟುಕೊಳ್ಳಲು ಕಾನೂನಿನ ಅನುಮತಿಯುಂಟು. ಅದನ್ನು ಅವರಿಗೆ ಹೇಳಿದವರಾರು?

ಕೈಯಲ್ಲಿ ಒಯ್ಯುವ ನೋಟುಗಳಿಗೂ ಮಿತಿಯುಂಟು: ಬಹುತೇಕ ದೇಶಗಳಿಗೆ ಒಂದು ಪ್ರಯಾಣಕ್ಕೆ ಮೂರು ಸಾವಿರ ಡಾಲರು, ನಮ್ಮ ರೂಪಾಯಿಯಾದರೆ ಇಪ್ಪತ್ತೈದು ಸಾವಿರ. 1970ರ ಸುಮಾರಿನಲ್ಲಿ ವಿದ್ಯಾಭ್ಯಾಸಕ್ಕೆ ಹೊರಟ ತರುಣರು ಎಂಟೇ ಡಾಲರುಗಳೊಡನೆ ವಿಮಾನವೇರಿದ್ದನ್ನು ನೆನೆದರೆ ಇದು ಕಡಿಮೆಯಲ್ಲ.

ರೂಪಾಯಿಯ ಗತವೈಭವವನ್ನು ಕುರಿತು ಒಂದು ಮಾತು. 1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರು ಬರುತ್ತಿತ್ತೆಂದು ಸಭೆಗಳಲ್ಲಿ ಹೇಳುವವರುಂಟು. ಅದು ಸುಳ್ಳು. 1927ರಲ್ಲಿ ಆಂಗ್ಲ ಸರ್ಕಾರವು ನಮ್ಮವರ ವಿರೋಧವನ್ನು ಲೆಕ್ಕಿಸದೆ ರೂಪಾಯಿಗೆ ಹದಿನೆಂಟು ಪೆನ್ಸ್ ಎಂದು ಕಟ್ಟಿದ ದರವೇ ಆಗಲೂ ಇದ್ದು, ಡಾಲರಿಗೆ ಸುಮಾರು ಮೂರು ರೂಪಾಯಿ ಐದಾಣೆ ಬೀಳುತ್ತಿತ್ತು. 1949ರಲ್ಲಿ ಅದು 4.76 ರೂಪಾಯಿಯೂ, 1966ರ ಜೂನ್ 6ರಂದು 7.50 ರೂಪಾಯಿಯೂ ಆಯಿತು. ಆದರೆ ನಿಜವಾದ ಹೆಮ್ಮೆಗೆ ಬೇರೆ ಕಾರಣವಿತ್ತು. ಕುವೈತ್, ಬಹರೇನ್, ಕತಾರ್‌ಗಳ ಅಂಗಡಿಗಳಲ್ಲಿ ನಮ್ಮ ರೂಪಾಯಿಯೇ ಚಲಾವಣೆಯ ಹಣವಾಗಿದ್ದಿತು. ಚಿನ್ನದ ಕಳ್ಳಸಾಗಣೆಯಿಂದ ನಮ್ಮ ವಿದೇಶೀ ಹಣವು ಸೋರಿಹೋಗುತ್ತಿದ್ದುದರಿಂದ 1959ರಲ್ಲಿ ರಿಸರ್ವ್ ಬ್ಯಾಂಕು ಆ ಸೀಮೆಗೆ ಬೇರೆಯೇ ನೋಟನ್ನು ಅಚ್ಚುಮಾಡಿತು. 1966ರ ಬೆಲೆಯಿಳಿತಕ್ಕೆ ಮುನ್ನವೇ ಕುವೈತ್, ಬಹರೇನ್‌ಗಳೂ, ಅದರ ಬಳಿಕ ಕತಾರ್ ಮೊದಲಾದ ಸಂಸ್ಥಾನಗಳೂ ರೂಪಾಯಿಯನ್ನು ಕೈಬಿಟ್ಟವು.

ಈ ಅಭಿಮಾನವೇ ಇಂದು ಒಂದು ಬಲೆಯೂ ಆಗಿದೆ. ವಿದೇಶದ ಅಂಗಡಿಯಲ್ಲಿ ಬ್ಯಾಂಕಿನ ಕಾರ್ಡನ್ನು ಯಂತ್ರಕ್ಕೆ ಕೊಟ್ಟರೆ, ರೂಪಾಯಿಯಲ್ಲಿ ಕೊಡುವಿರೋ ಇಲ್ಲಿಯ ಹಣದಲ್ಲಿಯೋ ಎಂದು ಅದು ಕೇಳುವುದುಂಟು. ದೇಶಾಭಿಮಾನಿಯು ರೂಪಾಯಿಯನ್ನೇ ಒತ್ತುತ್ತಾನೆ. ಕೂಡಲೇ ಆ ಅಂಗಡಿಯ ಕಡೆಯವರು ತಮಗೆ ತೋರಿದ ದರವನ್ನು ಹಾಕುವರು. ಅದು ಪ್ರಾಯಶಃ ನಮ್ಮ ಬ್ಯಾಂಕಿನ ದರಕ್ಕಿಂತ ದುಬಾರಿ. ಆಯಾ ದೇಶದ ಹಣವನ್ನೇ ಆರಿಸುವುದು ಲೇಸು. ಎ.ಟಿ.ಎಂ. ಯಂತ್ರಕ್ಕೂ ಇದೇ ಎಚ್ಚರ ಸಾಕು.

ನಮ್ಮ ಯು.ಪಿ.ಐ. ವ್ಯವಸ್ಥೆಯು 2021ರಲ್ಲಿ ಭೂತಾನಕ್ಕೂ, 2024ರ ಫೆಬ್ರವರಿಯಲ್ಲಿ ಶ್ರೀಲಂಕಾ ಮಾರಿಷಸ್‌ಗಳಿಗೂ ಕಾಲಿಟ್ಟಿದೆ. ಕಳೆದುಕೊಂಡ ನೆಲೆಯನ್ನು ರೂಪಾಯಿಯು ಈ ದಾರಿಯಿಂದ ಮರಳಿ ಪಡೆಯಬಹುದೆಂದು ನಮ್ಮ ಆಶೆ. ಆದರೆ ಅಲ್ಲಿಯ ಎಲ್ಲ ಅಂಗಡಿಗಳಲ್ಲಿಯೂ ಅದು ನಡೆಯುವುದಿಲ್ಲ. ಮೊಬೈಲಿನಲ್ಲಿ ವಿದೇಶದ ಪಾವತಿಯನ್ನು ಮೊದಲೇ ತೆರೆದಿಡದಿದ್ದರೆ ನಡೆಯುವ ಕಡೆಯೂ ನಿಂತುಹೋಗುವುದು.

ರಿಸರ್ವ್ ಬ್ಯಾಂಕಿನ ಬೆಂಗಳೂರಿನ ಕಚೇರಿಯು ನೃಪತುಂಗನ ಹೆಸರಿನ ರಸ್ತೆಯಲ್ಲಿದೆ. ಅಲ್ಲಿಯ ಅಧಿಕಾರಿಗಳಲ್ಲಿ ನಮ್ಮ ಬೇಡಿಕೆ ಒಂದೇ. ಈ ನಾಡಿನಲ್ಲಿ ವಿನಿಮಯದ ಪರವಾನಗಿ ಪಡೆದ ಪ್ರತಿಯೊಂದು ಕಟ್ಟೆಯೂ ಕೊಡುವ ದರ, ಕೊಳ್ಳುವ ದರ, ಸಾವಿರ ರೂಪಾಯಿಗೆ ಹೋಗುವ ವಟ್ಟ, ಈ ಮೂರನ್ನು ಕನ್ನಡದಲ್ಲಿ ಬರೆದು ಗಿರಾಕಿಯ ಕಣ್ಣೆದುರಿಗೆ ತೂಗಹಾಕಬೇಕು. ಸಹಿಯ ಹಾಳೆಯೂ ಕನ್ನಡದಲ್ಲಿರಬೇಕು.

ನೇಕಾರರು ಮಗುವಿನ ವರ್ಷದ ಹುಟ್ಟುಹಬ್ಬಕ್ಕೆ ಮತ್ತೆ ಹೊರಡುವವರಿದ್ದಾರೆ. ಕಟ್ಟೆಯವರು ನಾಣ್ಯಗಳನ್ನು ಕೊಳ್ಳುವುದಿಲ್ಲವೆಂದು ಹಿಂದಕ್ಕೆ ತಳ್ಳಿದ ಹನ್ನೊಂದು ಸಿಂಗಪುರದ ಬಿಲ್ಲೆಗಳು ಅವರ ಎಲೆಯಡಿಕೆಯ ಚೀಲದಲ್ಲಿ ಇನ್ನೂ ಇವೆ.