ಭೂಪಾಲ ಎಂಬ ಹೆಸರು: ಗದ್ವಾಲ ಸಂಸ್ಥಾನ ಹಾಗೂ ವಂಶಪಾರಂಪರ್ಯ ಬಿರುದುಗಳು

ಇತಿಹಾಸದ ಪಾಠ ಹೇಳುವಾಗ ಲಾರ್ಡ್ ಕಾರ್ನ್‌ವಾಲಿಸ್, ಲಾರ್ಡ್ ಡಾಲ್‌ಹೌಸಿ, ಲಾರ್ಡ್ ಕ್ಯಾನಿಂಗ್ ಎಂದು ನಾವು ಎಷ್ಟು ಸಾರಿ ಉಚ್ಚರಿಸಿರುವೆವೋ ಲೆಕ್ಕವಿಲ್ಲ. ಆ ‘ಲಾರ್ಡ್’ ಎಂಬುದನ್ನು ನಮ್ಮ ಮಕ್ಕಳು ರಾಮಪ್ಪ, ಭೀಮಪ್ಪ ಎಂಬಂತೆ ಹೆಸರಿನ ಒಂದು ಭಾಗವೆಂದೇ ತಿಳಿಯುತ್ತಿದ್ದರು. ಪರೀಕ್ಷೆಯಲ್ಲಿ ಅದರ ಬಗ್ಗೆ ಪ್ರಶ್ನೆ ಬರುವುದಿಲ್ಲವಾದ್ದರಿಂದ ಉಪಾಧ್ಯಾಯರೂ ವಿವರಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಬಾಕಿಯನ್ನು ತೀರಿಸುವುದು ಯೋಗ್ಯವೆಂದು ತೋರಿತು. ಬಿರುದು ಎಂದರೇನು, ಅದು ತಂದೆಯಿಂದ ಮಗನಿಗೆ ಹೇಗೆ ಇಳಿಯುತ್ತದೆ, ಇಳಿಯದೆ ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ಅರಿಯಲು ನಾವು ಲಂಡನ್ನಿಗೆ ಹೋಗಬೇಕಾಗಿಲ್ಲ. ಕೃಷ್ಣೆಯನ್ನು ದಾಟಿ ಗದ್ವಾಲದ ಕೋಟೆಯವರೆಗೆ ಹೋದರೆ ಸಾಕು. ಆದರೂ ಹೋಲಿಕೆಗಾಗಿ ಮೊದಲು ಆಂಗ್ಲರ ಪದ್ಧತಿಯನ್ನು ಸ್ವಲ್ಪ ನೋಡೋಣ.

ಅಲ್ಲಿ ಕುಲೀನರಿಗೆ ಐದು ದರ್ಜೆಗಳು. ಮೇಲಿನಿಂದ ಕೆಳಗೆ ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್. ಅರಸನು ಒಂದು ಸನ್ನದನ್ನು ಬರೆದುಕೊಟ್ಟು ಬಿರುದನ್ನು ಸೃಷ್ಟಿಸುತ್ತಾನೆ. ಆ ಬಿರುದು ಮುಂದೆ ಯಾರಿಗೆ ಸಲ್ಲಬೇಕೆಂಬುದೂ ಆ ಸನ್ನದಿನಲ್ಲಿಯೇ ಇರುತ್ತದೆ. ಸಾಮಾನ್ಯವಾಗಿ ಅದು ಪಡೆದವನ ಸ್ವಂತ ರಕ್ತದ ಗಂಡು ಸಂತಾನಕ್ಕೆ ಮಾತ್ರ; ಅದರಲ್ಲಿಯೂ ಹಿರಿಯ ಮಗನಿಗೆ ಮಾತ್ರ. ಹೆಣ್ಣುಮಕ್ಕಳು ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ದತ್ತು ಪುತ್ರನಿಗಂತೂ ಬಿರುದು ಸಲ್ಲುವುದೇ ಇಲ್ಲ. ಗಂಡು ವಾರಸುದಾರರು ಮುಗಿದರೆ ಬಿರುದೂ ಮುಗಿಯಿತು. ಅರಮನೆ ಇರಬಹುದು, ಹಣ ಇರಬಹುದು, ಬಿರುದು ಮಾತ್ರ ಇಲ್ಲ.

ಇಂತಹ ಬಿರುದುಗಳಲ್ಲಿ ಕನ್ನಡನಾಡಿನ ಊರುಗಳ ಹೆಸರನ್ನು ಹೊತ್ತಿರುವುದೂ ಒಂದುಂಟು. 1799ರಲ್ಲಿ ಟಿಪ್ಪೂ ಸುಲ್ತಾನನ ರಾಜಧಾನಿಯನ್ನು ಗೆದ್ದ ಸೇನಾಪತಿ ಜಾರ್ಜ್ ಹ್ಯಾರಿಸ್‌ನಿಗೆ 1815ರಲ್ಲಿ ಬ್ಯಾರನ್ ಪದವಿ ಕೊಟ್ಟಾಗ, ಅವನ ಬಿರುದಿನಲ್ಲಿ ಶ್ರೀರಂಗಪಟ್ಟಣವನ್ನೂ ಮೈಸೂರನ್ನೂ ಸೇರಿಸಿ ಬರೆದರು. ಅವನ ಮೊಮ್ಮಗ, ಮೂರನೆಯ ಬ್ಯಾರನ್ ಹ್ಯಾರಿಸ್, 1854ರಿಂದ 1859ರವರೆಗೆ ಮದರಾಸಿನ ಗವರ್ನರನಾಗಿದ್ದನು. ತುಂಗಭದ್ರೆಯ ಆಚೆಯ ದಂಡೆಯ ಕರ್ನೂಲು ಆಗ ಆ ಮದರಾಸು ಸರಕಾರದ ಕೈಕೆಳಗೇ ಇದ್ದಿತು. ನಾಲ್ಕನೆಯವನು 1890ರಲ್ಲಿ ಮುಂಬಯಿಯ ಗವರ್ನರನಾಗಿ ಬಂದನು, ಕ್ರಿಕೆಟ್ ಪ್ರಿಯನು. ಮುಂಬಯಿಯ ಶಾಲಾ ಬಾಲಕರು ಆಡುವ ಹ್ಯಾರಿಸ್ ಶೀಲ್ಡ್ ಇವನ ಹೆಸರಿನದೇ. 1988ರಲ್ಲಿ ತೆಂಡೂಲ್ಕರ್ ಮತ್ತು ಕಾಂಬ್ಳಿ ಎಂಬ ಇಬ್ಬರು ಹುಡುಗರು 664 ಓಟಗಳ ಜೊತೆಯಾಟ ಆಡಿದ್ದು ಈ ಪಂದ್ಯಾವಳಿಯಲ್ಲಿಯೇ. ಶ್ರೀರಂಗಪಟ್ಟಣದ ಕೋಟೆ ಗೋಡೆಯಿಂದ ಹೊರಟ ಬಿರುದು ಎಲ್ಲೆಲ್ಲಿ ಸುತ್ತಿತು ನೋಡಿ!

ಇನ್ನು ನಮ್ಮ ಕಡೆಗೆ ಬರೋಣ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳು ಕೂಡುವ ಮುನ್ನ ಅವುಗಳ ನಡುವೆ ಉಳಿಯುವ ಭೂಭಾಗವನ್ನು ತೆಲುಗರು ನಡಿಗಡ್ಡ ಎನ್ನುತ್ತಾರೆ. ನಾವು ರಾಯಚೂರು ದೋಆಬ ಎಂದು ಕರೆಯುವ ಪ್ರದೇಶದ ಮೂಡಣ ತುದಿಯೇ ಅದು. ಅಲ್ಲಿ ಪೂಡೂರನ್ನು ನೆಲೆಯಾಗಿ ಮಾಡಿಕೊಂಡಿದ್ದ ರೆಡ್ಡಿ ಮನೆತನವೊಂದು ನಾಡಗೌಡಿಕೆಯನ್ನು ನಡೆಸುತ್ತಿದ್ದಿತು. ನಾಡಗೌಡನೆಂದರೆ ಅನೇಕ ಹಳ್ಳಿಗಳ ಕಂದಾಯವನ್ನು ಎತ್ತಿ ಮೇಲಿನವರಿಗೆ ಸಲ್ಲಿಸಿ, ತನ್ನ ಪಾಲನ್ನು ವಂಶಪಾರಂಪರ್ಯವಾಗಿ ಅನುಭವಿಸುವವನು. ಮೇಲಿನ ದೊರೆ ಬಿಜಾಪುರದವನಾಗಲಿ, ಮೊಗಲನಾಗಲಿ, ಕೆಳಗಿನ ನಾಡಗೌಡ ಬದಲಾಗುತ್ತಿರಲಿಲ್ಲ. ಏಕೆಂದರೆ ಊರುಗಳ ಲೆಕ್ಕ ಅವನ ಕೈಯಲ್ಲಿದ್ದಿತು. ಈ ಮನೆತನದ ಪೆದ್ದ ಸೋಮಭೂಪಾಲನು, ಜನರ ಬಾಯಲ್ಲಿ ಸೋಮನಾದ್ರಿ, ಹದಿನೆಂಟನೆಯ ಶತಮಾನದ ಆರಂಭದಲ್ಲಿ ಗದ್ವಾಲದಲ್ಲಿ ಮಣ್ಣಿನ ದೊಡ್ಡ ಕೋಟೆಯನ್ನು ಕಟ್ಟಿ, ಒಳಗೆ ಚೆನ್ನಕೇಶವಸ್ವಾಮಿಯ ಗುಡಿಯನ್ನು ನೆಲೆಗೊಳಿಸಿ, ರಾಜಧಾನಿಯನ್ನು ಪೂಡೂರಿನಿಂದ ಅಲ್ಲಿಗೆ ತಂದನು. ಕರ್ನೂಲಿನ ನವಾಬನೊಡನೆ ಅವನು ಮಾಡಿದ ಯುದ್ಧವನ್ನು ಜನಪದ ಗಾಯಕರು ಇಂದಿಗೂ ಕಥೆಯಾಗಿ ಹಾಡುವರು. ಕೋಟೆಯಲ್ಲಿರುವ ಉದ್ದನೆಯ ಫಿರಂಗಿಯನ್ನು ಆ ಗೆಲುವಿನಲ್ಲಿ ತಂದುದೆಂದು ತೋರಿಸುವರು.

ಈಗ ಭೂಪಾಲ ಎಂಬ ಶಬ್ದವನ್ನು ಗಮನಿಸಬೇಕು. ಸೋಮಭೂಪಾಲ, ರಾಮಭೂಪಾಲ, ಸೀತಾರಾಮಭೂಪಾಲ ಎಂದು ಗದ್ವಾಲದ ಅರಸರ ಹೆಸರುಗಳು ಸಾಗುತ್ತವೆ. ನೆರೆಯ ಅಮರಚಿಂತ ಸಂಸ್ಥಾನದಲ್ಲಿಯೂ ಇದೇ ಶಬ್ದ ಬಳಕೆಯಲ್ಲಿದ್ದಿತು. ನೆಲವನ್ನು ಪಾಲಿಸುವವನೆಂಬ ಅರ್ಥದ ಈ ಬಿರುದು ಆಂಗ್ಲರ ಸನ್ನದಿನಂತೆ ಒಬ್ಬ ಚಕ್ರವರ್ತಿಯ ಮುದ್ರೆಯಿಂದ ಹುಟ್ಟಿದುದಲ್ಲ. ಮೊದಲು ನೆಲ, ಬಳಿಕ ಕೋಟೆ, ಅದರ ಬೆನ್ನಿಗೆ ಹೆಸರು. ದೆಹಲಿ ಅಥವಾ ಹೈದರಾಬಾದಿನ ಒಪ್ಪಿಗೆ ಎಲ್ಲದರ ಕೊನೆಗೆ.

ನಿಜಾಮರ ರಾಜ್ಯದಲ್ಲಿ ಎರಡು ಬಗೆಯ ಹಿರಿಮೆಗಳಿದ್ದವು. ಜಂಗ್, ದೌಲಾ, ಮುಲ್ಕ್, ಉಮರಾ, ಜಾಹ್ ಎಂಬ ಮೆಟ್ಟಿಲುಗಳನ್ನು ದರಬಾರಿನ ಅಮೀರರು ಒಂದೊಂದಾಗಿ ಏರುತ್ತಿದ್ದರು. ಆ ಬಿರುದು ಪಡೆದವನಿಗೆ ಮಾತ್ರ. ಮಗನು ತಾನೇ ಬೇರೆ ಪಡೆಯಬೇಕು. ಜಹಗೀರು ಸಹ ಮರಣಾನಂತರ ವಿರಾಸತ್ ವಿಚಾರಣೆಯಾಗಿ ಮರಳಿ ಮಂಜೂರಾಗಬೇಕು. ಸಂಸ್ಥಾನಗಳ ಸ್ಥಿತಿ ಬೇರೆ. ಗದ್ವಾಲ, ವನಪರ್ತಿ, ಜಟಪ್ರೋಲು, ಅಮರಚಿಂತ, ಗೋಪಾಲಪೇಟೆ, ರಾಯಚೂರು ಕಡೆಯ ಗುರುಗುಂಟಿ, ಆನೆಗುಂದಿ ಇವುಗಳು ವರುಷಕ್ಕೆ ಇಷ್ಟು ಪೇಷ್ಕಶ್ ಎಂದು ಸಲ್ಲಿಸಿ ಒಳಾಡಳಿತವನ್ನು ತಾವೇ ನೋಡಿಕೊಳ್ಳುತ್ತಿದ್ದವು. ಇವುಗಳಲ್ಲಿ ಗದ್ವಾಲವು ಅಗ್ರಗಣ್ಯ. 1800ರಲ್ಲಿ ನಿಜಾಮನು ಬಳ್ಳಾರಿ, ಕಡಪ ಪ್ರಾಂತಗಳನ್ನು ಕಂಪನಿಗೆ ಬಿಟ್ಟುಕೊಟ್ಟಾಗ ತುಂಗಭದ್ರೆಯೇ ಗಡಿಯಾಗಿ, ಗದ್ವಾಲವು ನಿಜಾಮನ ಕಡೆಗೆ ಉಳಿಯಿತು. ಈ ಒಂದು ಗೆರೆಯ ಮಹತ್ವವು ಮುಂದೆ ತಿಳಿದೀತು.

ನನ್ನ ಮಟ್ಟಿಗೆ ಈ ವಂಶದ ಚರಿತ್ರೆಯಲ್ಲಿ ಅತ್ಯಂತ ವಿಚಾರಾರ್ಹವಾದುದು ಸೋಮನಾದ್ರಿಯ ಫಿರಂಗಿಯಲ್ಲ, ರಾಣಿಯರ ಸಾಲು. ಸೋಮನಾದ್ರಿಯ ಬಳಿಕ ಅಮ್ಮಕ್ಕಮ್ಮ, ಲಿಂಗಮ್ಮ, ಮಂಗಮ್ಮ, ಚೊಕ್ಕಮ್ಮ ಎಂದು ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿಯೇ ನಾಲ್ವರು ರಾಣಿಯರ ಹೆಸರು ಆಳಿದವರ ಪಟ್ಟಿಯಲ್ಲಿ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಇದು ಮರುಕಳಿಸಿತು. ಅರಸ ತೀರಿಕೊಂಡು ಮಗನಿಲ್ಲದಿದ್ದರೆ ವಿಧವೆ ರಾಣಿ ಅಧಿಕಾರ ವಹಿಸುವುದು, ಅನಂತರ ಬಂಧುಗಳಿಂದ ಒಬ್ಬ ಬಾಲಕನನ್ನು ದತ್ತು ತೆಗೆದುಕೊಂಡು ಭೂಪಾಲನೆಂದು ಹೆಸರಿಡುವುದು, ಹೀಗೆ ಮನೆತನದ ದೀಪ ಆರದಂತೆ ನಡೆದುಬಂದಿತು. ಇದನ್ನು ಸ್ತ್ರೀಸ್ವಾತಂತ್ರ್ಯವೆಂದು ಹೊಗಳುವುದು ಅತಿಶಯೋಕ್ತಿ. ಮಗನಿದ್ದಿದ್ದರೆ ಆ ರಾಣಿಯರ ಹೆಸರು ನಮಗೆ ತಿಳಿಯುತ್ತಲೇ ಇರಲಿಲ್ಲ. ಆದರೂ ಕಷ್ಟಕಾಲದಲ್ಲಿ ಸಂಸ್ಥಾನ ಹೆಣ್ಣಿನ ಕೈಗೆ ಬರಲು ಅಡ್ಡಿಯಿರಲಿಲ್ಲ, ದತ್ತಕವನ್ನು ಸ್ವಂತ ರಕ್ತಕ್ಕಿಂತ ಕಡಿಮೆಯೆಂದು ಯಾರೂ ಎಣಿಸಲಿಲ್ಲ.

ಈಗ ನಮ್ಮ ಪಾಠದ ಲಾರ್ಡುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕಾರ್ನ್‌ವಾಲಿಸನು 1792ರಲ್ಲಿ ಟಿಪ್ಪೂವಿನ ಮೇಲಿನ ಯುದ್ಧವನ್ನು ಮುಗಿಸಿ ಮಾರ್ಕ್ವಿಸ್ ಆದನು. ಅವನ ಮಗನಿಗೆ ಐವರು ಹೆಣ್ಣುಮಕ್ಕಳು, ಗಂಡಿಲ್ಲ. 1823ರಲ್ಲಿ ಮಗನೂ ತೀರಿಕೊಂಡು ಮಾರ್ಕ್ವಿಸ್ ಪದವಿ ಮುಗಿದುಹೋಯಿತು. ಡಾಲ್‌ಹೌಸಿಯ ಕಥೆ ಇನ್ನೂ ಸೋಜಿಗದ್ದು. ದತ್ತುಪುತ್ರರಿಗೆ ರಾಜ್ಯದ ಹಕ್ಕಿಲ್ಲವೆಂದು ಸಾರಿ ಸಾತಾರಾ, ನಾಗಪುರ, ಝಾನ್ಸಿಗಳನ್ನು ಒಂದರ ಮೇಲೊಂದರಂತೆ ನುಂಗಿದವನು ಇವನೇ. ಇದೇ ಡಾಲ್‌ಹೌಸಿಗೆ 1849ರಲ್ಲಿ ಮಾರ್ಕ್ವಿಸ್ ಪದವಿ ಬಂದಿತು. ಅವನಿಗೂ ಇಬ್ಬರು ಹೆಣ್ಣುಮಕ್ಕಳೇ. 1860ರಲ್ಲಿ ಅವನು ಸತ್ತೊಡನೆ ಆ ಪದವಿ ಅವನೊಂದಿಗೇ ಅಳಿಯಿತು. ಹಳೆಯ ಅರ್ಲ್ ಪದವಿ ಮಾತ್ರ ದಾಯಾದಿಗೆ ಹೋಯಿತು. ಅವನ ಬಳಿಕ ಬಂದ ಕ್ಯಾನಿಂಗನು 1857ರ ಪಾಠದಿಂದ ಬುದ್ಧಿ ಕಲಿತು, ದೇಶೀಯ ಅರಸರಿಗೆ ದತ್ತಕದ ಹಕ್ಕನ್ನು ಒಪ್ಪಿ ಸನ್ನದುಗಳನ್ನು ಕೊಡಿಸಿದನು. ತಾನು ಮಾತ್ರ 1862ರಲ್ಲಿ ಮಕ್ಕಳಿಲ್ಲದೆ ಮಡಿದುದರಿಂದ ಅವನ ಅರ್ಲ್ ಬಿರುದು ಅಲ್ಲಿಗೇ ನಿಂತಿತು. ಪರರಿಗೆ ಕೊಡಿಸಿದ ಹಕ್ಕು ಅವನ ನಾಡಿನ ಕಾನೂನಿನಲ್ಲಿ ಅವನಿಗೇ ಇರಲಿಲ್ಲ!

ಅಂದರೆ ಡಾಲ್‌ಹೌಸಿಯು ತನ್ನ ದೇಶದ ಅಳತೆಗೋಲನ್ನೇ ನಮ್ಮವರ ಮೇಲೆ ಇಟ್ಟನೆನ್ನಬಹುದು. ವ್ಯತ್ಯಾಸವೇನೆಂದರೆ, ಆಂಗ್ಲರಲ್ಲಿ ಬಿರುದು ಹೋದರೆ ಒಂದು ಹೆಸರು ಹೋಯಿತು, ಅಷ್ಟೆ. ನಮ್ಮಲ್ಲಿ ನಾಡೇ ಹೋಗುತ್ತಿದ್ದಿತು. ಡಾಲ್‌ಹೌಸಿಗೂ ಮೊದಲೇ, 1824ರಲ್ಲಿ, ದತ್ತಕವನ್ನು ಕಂಪನಿ ಒಪ್ಪದಿದ್ದಾಗ ಕಿತ್ತೂರಿನ ಚೆನ್ನಮ್ಮ ಕತ್ತಿ ಹಿಡಿದುದು ಕನ್ನಡಿಗರೆಲ್ಲರಿಗೂ ತಿಳಿದ ಸಂಗತಿ. ಗದ್ವಾಲದ ರಾಣಿಯರಿಗೆ ಕತ್ತಿ ಹಿಡಿಯುವ ಪ್ರಸಂಗ ಬರಲಿಲ್ಲ. ಅವರು ಚೆನ್ನಮ್ಮನಿಗಿಂತ ಕಡಿಮೆ ಧೈರ್ಯದವರೆಂದಲ್ಲ. ತುಂಗಭದ್ರೆಯ ಈಚೆ ದತ್ತಕವನ್ನು ಒಪ್ಪುವ ಅಧಿಕಾರ ಕಂಪನಿಯದಲ್ಲ, ನಿಜಾಮನದು. ಮೇಲೆ ಹೇಳಿದ 1800ರ ಗೆರೆಯ ಮಹತ್ವ ಇದೇ. ಹಾಗೆಂದು ನಿಜಾಮನ ನೆರಳು ಎಲ್ಲರನ್ನೂ ಕಾಯಲಿಲ್ಲ. ನಮ್ಮ ಪಡುವಣದ ಸುರಪುರದಲ್ಲಿ ತರುಣ ರಾಜಾ ವೆಂಕಟಪ್ಪ ನಾಯಕನು 1858ರಲ್ಲಿ ಆಂಗ್ಲರ ವಿರುದ್ಧ ಎದ್ದು ಸೆರೆಯಾಗಿ ಗುಂಡಿಗೆ ಬಲಿಯಾದನು. ಆ ರಾಜ್ಯವು ನಿಜಾಮನ ಪಾಲಾಯಿತು.

ಇಲ್ಲಿ ಇನ್ನೊಂದು ಮಾತು. ಆಂಗ್ಲರೂ ಬೇಕಾದಾಗ ನಿಯಮವನ್ನು ಬಗ್ಗಿಸಬಲ್ಲರು. ನಮ್ಮ ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್ನನಿಗೆ ಗಂಡುಮಕ್ಕಳಿರಲಿಲ್ಲವೆಂದು ಸನ್ನದಿನಲ್ಲಿಯೇ ಹೆಣ್ಣುಮಕ್ಕಳಿಗೂ ಸಲ್ಲುವಂತೆ ಬರೆಯಲಾಗಿದ್ದಿತು. 1979ರಲ್ಲಿ ಅವನು ಹತನಾದಾಗ ಹಿರಿಯ ಮಗಳು ಪೆಟ್ರೀಷಿಯಾ ಬಿರುದನ್ನು ಪಡೆದಳು.

ಗದ್ವಾಲದ ಕೊನೆಯ ಅಧ್ಯಾಯವೂ ಒಬ್ಬ ರಾಣಿಯದೇ. 1924ರಲ್ಲಿ ಸೀತಾರಾಮಭೂಪಾಲರು ತೀರಿಕೊಂಡ ಮೇಲೆ ಮಹಾರಾಣಿ ಆದಿಲಕ್ಷ್ಮೀದೇವಮ್ಮನವರು ಸಂಸ್ಥಾನದ ಹೊಣೆ ಹೊತ್ತರು. ಪಂಡಿತರಿಗೆ ಆಶ್ರಯ ನೀಡಿ ‘ವಿದ್ವದ್ಗದ್ವಾಲ’ವೆಂಬ ಕೀರ್ತಿ ಪಡೆದಿದ್ದ ಆಸ್ಥಾನವದು, ತಿರುಪತಿ ವೆಂಕಟಕವಿಗಳಂತಹವರು ಅಲ್ಲಿಗೆ ಬಂದು ಸನ್ಮಾನ ಪಡೆದವರು. ಇದು ತೆಲುಗಿನ ವಿಚಾರವಾಯಿತು. ಕನ್ನಡಕ್ಕೂ ಈ ನೆಲದ ಋಣವುಂಟು. ಮೊಸರಕಲ್ಲಿನಲ್ಲಿ ಹುಟ್ಟಿದ ಶ್ರೀ ಗೋಪಾಲದಾಸರು ನೆಲೆಸಿದ ಉತ್ತನೂರು ಗದ್ವಾಲದ ಸೀಮೆಯಲ್ಲಿಯೇ ಇದೆ. ಆದರೆ ಆಸ್ಥಾನದ ವೈಭವವನ್ನು ಹೇಳುವಾಗ, ಪೇಷ್ಕಶ್ ಆಗಲಿ ಸನ್ಮಾನದ ಶಾಲಾಗಲಿ ಎರಡು ನದಿಗಳ ನಡುವೆ ಇದ್ದೂ ಮಳೆಗೆ ಬಾಯಿಬಿಡುತ್ತಿದ್ದ ರೈತನ ಜೋಳದಿಂದಲೇ ಬಂದುದೆಂಬುದನ್ನು ನಮ್ಮ ಇತಿಹಾಸಕಾರರು ಏಕೋ ಬರೆಯುವುದಿಲ್ಲ.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ, 1949ರ ಆಗಸ್ಟ್ 15ರಂದು ಜಹಗೀರು ರದ್ದತಿ ಜಾರಿಗೆ ಬಂದು ಸಂಸ್ಥಾನಗಳೂ ಕೊನೆಗೊಂಡವು. ಮರು ವರುಷ ಜಾರಿಯಾದ ಸಂವಿಧಾನದ ಹದಿನೆಂಟನೆಯ ಅನುಚ್ಛೇದವು ಸೈನಿಕ ಹಾಗೂ ವಿದ್ಯಾಸಂಬಂಧಿ ಗೌರವಗಳ ಹೊರತು ರಾಜ್ಯವು ಯಾವ ಬಿರುದನ್ನೂ ಕೊಡಕೂಡದೆಂದಿತು. ಆಂಗ್ಲರು ಇಷ್ಟು ಅವಸರಪಡಲಿಲ್ಲ. ಅವರ ಮೇಲ್ಮನೆಯಲ್ಲಿ ಹುಟ್ಟಿನ ಹಕ್ಕಿನಿಂದ ಕುಳಿತಿದ್ದವರನ್ನು 1999ರ ಕಾನೂನು ಹೊರಗಿಟ್ಟಾಗಲೂ 92 ಮಂದಿಯನ್ನು ಉಳಿಸಿಕೊಂಡಿತು.

ನಮಗೆ ಸಂಸ್ಥಾನದ ಅಂತ್ಯಕ್ಕಿಂತಲೂ ಹೆಚ್ಚು ತಟ್ಟಿದುದು 1956ರ ನವೆಂಬರ್ 1. ಅಲ್ಲಿಯವರೆಗೆ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯವು. ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರಿಗೆ ಹೋಯಿತು, ಈ ಎರಡು ತಾಲೂಕುಗಳು ಆಂಧ್ರಪ್ರದೇಶಕ್ಕೆ ಬಂದು ಮಹಬೂಬನಗರಕ್ಕೆ ಸೇರಿದವು. ಮಕ್ತಲ, ನಾರಾಯಣಪೇಟೆಗಳು ಮೊದಲೇ ಮಹಬೂಬನಗರದಲ್ಲಿದ್ದವು. 2016ರಲ್ಲಿ ಗದ್ವಾಲವೂ 2019ರಲ್ಲಿ ನಾರಾಯಣಪೇಟೆಯೂ ತೆಲಂಗಾಣದ ಹೊಸ ಜಿಲ್ಲೆಗಳಾದವು. ಈಗಿನ ಮಕ್ಕಳಿಗೆ ಗದ್ವಾಲವು ಒಮ್ಮೆ ರಾಯಚೂರಿನದೆಂದರೆ ನಂಬಿಕೆಯಾಗದು; ಅವರ ಮುತ್ತಜ್ಜಿಯರ ತವರು ಎಲ್ಲಿಯದೆಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ.

ವಂಶಪಾರಂಪರ್ಯ ಬಿರುದು ಅರಮನೆಗಳ ಸೊತ್ತೆಂದು ನಮ್ಮ ಹಳೆಯ ವಿದ್ಯಾರ್ಥಿಗಳು ಭಾವಿಸಬೇಕಾಗಿಲ್ಲ. ಶಾಲೆಯ ಹಾಜರಿ ಪುಸ್ತಕವನ್ನು ತೆರೆದರೆ ಪಾಟೀಲ, ಕುಲಕರ್ಣಿ, ದೇಸಾಯಿ, ದೇಶಮುಖ, ನಾಡಗೌಡ ಎಂಬ ಅಡ್ಡಹೆಸರುಗಳು ಸಾಲಾಗಿ ಸಿಗುತ್ತವೆ. ಇವೆಲ್ಲವೂ ಒಂದು ಕಾಲದ ಹುದ್ದೆಗಳೇ. ಪಟೇಲ ಪಟ್ವಾರಿ ಪದ್ಧತಿ ಈ ರಾಜ್ಯದಲ್ಲಿ 1980ರ ದಶಕದಲ್ಲಿ ರದ್ದಾಯಿತು. ಹುದ್ದೆ ಹೋದರೂ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯಿತು. ಗದ್ವಾಲದ ಅರಸರೂ ಒಂದು ಕಾಲಕ್ಕೆ ಈ ನಾಡಗೌಡರ ಸಾಲಿನಲ್ಲಿಯೇ ಇದ್ದವರು.

ಕೋಟೆಯ ಮಣ್ಣಿನ ಗೋಡೆಗಳು ಅಲ್ಲಲ್ಲಿ ಕರಗಿವೆ. ಒಳಗೆ ಮಹಾರಾಣಿ ಆದಿಲಕ್ಷ್ಮೀದೇವಮ್ಮನವರ ಹೆಸರಿನ ಸರಕಾರಿ ಪದವಿ ಕಾಲೇಜು ನಡೆಯುತ್ತಿದೆ. ರೈತರ ಮತ್ತು ನೇಕಾರರ ಮಕ್ಕಳು ಅಲ್ಲಿ ಓದುತ್ತಾರೆ. ಹತ್ತಿಯ ಒಡಲು, ರೇಷ್ಮೆಯ ಅಂಚು ಸೆರಗಿನ ಗದ್ವಾಲ ಸೀರೆಗೆ ಸಂಸ್ಥಾನದ ಪ್ರೋತ್ಸಾಹವಿದ್ದುದು ಪ್ರಸಿದ್ಧ; ಇಂದು ಅದೇ ಊರಿನ ಹೆಸರನ್ನು ಅರಸರಿಗಿಂತ ದೂರ ಒಯ್ದಿದೆ. ಇನ್ನೊಂದು ಸೇವೆಯೂ ನಿಂತಿಲ್ಲ. ತಿರುಮಲದ ಬ್ರಹ್ಮೋತ್ಸವಕ್ಕೆ ಗದ್ವಾಲದಿಂದ ಜೋಡು ಪಂಚೆಗಳನ್ನು ಕಳುಹಿಸುವ ರೂಢಿಯು ಅರಸರ ಕಾಲದ್ದು. ನೇಕಾರರು ವ್ರತಸ್ಥರಾಗಿ ಒಂದು ಮಂಡಲ ಕಾಲ ಮಗ್ಗದಲ್ಲಿ ಕುಳಿತು, 11 ಗಜ ಉದ್ದದ, ಕೋಟೆಕೊಮ್ಮೆಗಳ ಅಗಲ ಅಂಚಿನ ಆ ಪಂಚೆಗಳನ್ನು ನೇಯುತ್ತಾರೆ. ಸಂಸ್ಥಾನವು ರದ್ದಾಗಿ ಮುಕ್ಕಾಲು ಶತಮಾನ ಕಳೆದಿದ್ದರೂ ಅವು ಬೆಟ್ಟವನ್ನು ಏರುವುದು ಗದ್ವಾಲ ಸಂಸ್ಥಾನದ ಕಾಣಿಕೆಯೆಂಬ ಹೆಸರಿನಲ್ಲಿಯೇ.