ಟರ್ಬೊ ಇಂಜಿನಿನಲ್ಲಿ ಕೀಲೆಣ್ಣೆಯ ಬಸಿಗಾಲುವೆ

ಜಗಳೂರು ತಾಲ್ಲೂಕಿನ ಸೊಕ್ಕೆಯ ಸುತ್ತಿನ ಸೀಮೆಯು ಬಹುಮಟ್ಟಿಗೆ ಮಳೆಯನ್ನು ನೆಚ್ಚಿದ್ದು. ಮೆಕ್ಕೆಜೋಳ, ಶೇಂಗಾ, ಈರುಳ್ಳಿಗಳ ವ್ಯವಹಾರಕ್ಕಾಗಿ ದಾವಣಗೆರೆ, ಚಿತ್ರದುರ್ಗಗಳ ಪೇಟೆಗೆ ಹೋಗಿಬರಲು ಇಲ್ಲಿನ ಹಿಡುವಳಿದಾರರು ಡೀಸೆಲ್ ಕಾರು, ಜೀಪುಗಳನ್ನು ಇಟ್ಟುಕೊಂಡಿರುವುದು ಈಗ ಸಾಮಾನ್ಯವಾಗಿದೆ. ಇಂದಿನ ಡೀಸೆಲ್ ಕಾರುಗಳಲ್ಲಿ ಟರ್ಬೊ ಎಂಬ ಉಪಕರಣವು ಇದ್ದೇ ಇರುತ್ತದೆ. ಹೊಗೆಕೊಳವೆಯಿಂದ ನೀಲಿ ಹೊಗೆ ಕಂಡೊಡನೆಯೇ ಟರ್ಬೊ ಕೆಟ್ಟಿತೆಂದು ನಿಶ್ಚಯಿಸಿ, ಸಾವಿರಾರು ರೂಪಾಯಿ ತೆತ್ತು ಹೊಸದನ್ನು ಕೂಡಿಸುವುದುಂಟು. ಕೆಲವು ದಿನಗಳಲ್ಲಿ ಆ ಹೊಸದೂ ಎಣ್ಣೆಯನ್ನು ಕಾರುವುದುಂಟು. ದೋಷವು ಟರ್ಬೊವಿನಲ್ಲಿರದೆ, ಅದರಿಂದ ಎಣ್ಣೆಯು ಹಿಂದಿರುಗುವ ದಾರಿಯಲ್ಲಿದ್ದರೆ ಹೀಗಾಗುವುದು ಸಹಜವು.

ಟರ್ಬೊವಿನ ಕೆಲಸ

ಇಂಜಿನಿನಿಂದ ಹೊರಬೀಳುವ ಬಿಸಿ ಹೊಗೆಯ ರಭಸದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಇಂಜಿನಿಗೆ ತುಂಬುವುದೇ ಟರ್ಬೊವಿನ ಕೆಲಸ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರು ಈ ಉಪಾಯಕ್ಕೆ 1905ರಲ್ಲಿ ಪೇಟೆಂಟು ಪಡೆದರು. ಕಾರಿನ ಸಣ್ಣ ಟರ್ಬೊವಿನ ದಂಡವು ನಿಮಿಷಕ್ಕೆ 1,00,000 ಸುತ್ತುಗಳನ್ನೂ ಮೀರಿ ತಿರುಗಬಲ್ಲದು. ಇಷ್ಟು ವೇಗದಲ್ಲಿ ಲೋಹಕ್ಕೆ ಲೋಹ ತಾಗದಂತೆ ಕಾಪಾಡುವುದು ಕೀಲೆಣ್ಣೆಯ ತೆಳುವಾದ ಪೊರೆಯೊಂದೇ.

ಈ ಎಣ್ಣೆಯು ಇಂಜಿನಿನ ಪಂಪಿನ ಒತ್ತಡದಿಂದ ಕಿರಿದಾದ ಕೊಳವೆಯ ಮೂಲಕ ಬರುತ್ತದೆ. ಆದರೆ ಹಿಂದಿರುಗುವಾಗ ಅದನ್ನು ತಳ್ಳುವ ಪಂಪು ಸಾಮಾನ್ಯವಾಗಿ ಇರುವುದಿಲ್ಲ. ಗಾಳಿಯೊಡನೆ ಬೆರೆತು ನೊರೆಯಾದ ಎಣ್ಣೆಯು ತನ್ನ ಭಾರದಿಂದಲೇ ಕೆಳಗಿಳಿದು ಇಂಜಿನಿನ ಎಣ್ಣೆತೊಟ್ಟಿಯನ್ನು ಸೇರಬೇಕು. ಆದಕಾರಣ ಹಿಂದಿರುಗುವ ಕೊಳವೆಯು ಬರುವ ಕೊಳವೆಗಿಂತ ಬಹಳ ದಪ್ಪವಾಗಿರುತ್ತದೆ. ಚನ್ನಗಿರಿಯ ಅಡಿಕೆ ತೋಟದಲ್ಲಿ ಬಸಿಗಾಲುವೆ ಕಟ್ಟಿಕೊಂಡರೆ ನೀರು ಮರದ ಬುಡದಲ್ಲಿ ನಿಂತು ಬೇರು ಕೊಳೆಯುವಂತೆ, ಈ ದಾರಿ ಕಟ್ಟಿಕೊಂಡರೆ ಎಣ್ಣೆಯು ಟರ್ಬೊವಿನ ನಡುಮನೆಯಲ್ಲಿ ತುಂಬಿಕೊಳ್ಳುತ್ತದೆ. ದಂಡದ ಎರಡು ತುದಿಗಳಲ್ಲಿರುವ ತಡೆಬಳೆಗಳು ರಬ್ಬರಿನ ಬಿರಡೆಗಳಲ್ಲ. ತುಂಬಿ ನಿಂತ ಎಣ್ಣೆಯನ್ನು ಅವು ತಡೆಯಲಾರವು. ಆಗ ಎಣ್ಣೆಯು ಒಂದು ಕಡೆ ಹೊಗೆಕೊಳವೆಗೂ ಇನ್ನೊಂದು ಕಡೆ ಗಾಳಿಕೊಳವೆಗೂ ನುಗ್ಗುತ್ತದೆ.

ಪರೀಕ್ಷಿಸತಕ್ಕ ಕ್ರಮ

ನೀಲಿ ಹೊಗೆಯು ಕೀಲೆಣ್ಣೆ ಉರಿಯುತ್ತಿರುವುದರ ಗುರುತು. ಕರಿ ಹೊಗೆಯಾದರೆ ಗಾಳಿ ಸಾಲದೆಂದೋ ಡೀಸೆಲ್ ಹೆಚ್ಚಾಯಿತೆಂದೋ ತಿಳಿಯಬೇಕು. ಗಾಳಿಕೊಳವೆಯಲ್ಲಿ ತೆಳುವಾದ ಎಣ್ಣೆಯ ಪಸೆಯಿದ್ದರೆ ಹೆದರಬೇಕಾದುದಿಲ್ಲ. ಎಣ್ಣೆಯು ಮಡುಗಟ್ಟಿ ನಿಂತಿದ್ದರೆ ಮಾತ್ರ ಮುಂದಿನ ಪರೀಕ್ಷೆಗಳನ್ನು ಅನುಕ್ರಮವಾಗಿ ನಡೆಸತಕ್ಕದ್ದು. ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬಂದಿವೆ.

1. ಎಣ್ಣೆಯ ಮಟ್ಟ. ವಾಹನವನ್ನು ಸಮನೆಲದಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತಿನ ಬಳಿಕ ಅಳತೆಕಡ್ಡಿಯನ್ನು ನೋಡಬೇಕು. ಎಣ್ಣೆ ಮೇಲಿನ ಗುರುತನ್ನು ಮೀರಿದ್ದರೆ ಕೊಳವೆಯ ಬಾಯಿ ಮುಳುಗಿ ದಾರಿ ಕಟ್ಟಬಹುದು. ಬಿಎಸ್-6 ನಿಯಮವು 2020ರ ಏಪ್ರಿಲಿನಲ್ಲಿ ಜಾರಿಗೆ ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದು ಸುಡುವ ಶೋಧಕವಿರುತ್ತದೆ. ಸಮೀಪದ ಸಂಚಾರಗಳಿಂದ ಆ ಸುಡುವಿಕೆ ಪದೇ ಪದೇ ಅರ್ಧಕ್ಕೆ ನಿಂತರೆ ಡೀಸೆಲ್ ಕೀಲೆಣ್ಣೆಗೆ ಇಳಿದು, ಯಾರೂ ಸುರಿಯದೆಯೇ ಮಟ್ಟ ಏರುವುದುಂಟು. ಅಂತಹ ಎಣ್ಣೆಯನ್ನು ಪೂರ್ತಿ ಬದಲಿಸಬೇಕು.

2. ಗಾಳಿಯ ಶೋಧಕ. ಒಕ್ಕಣೆಯ ಕಾಲದ ಧೂಳಿನಿಂದ ಇದು ಕಟ್ಟಿಕೊಂಡರೆ, ಟರ್ಬೊ ಗಾಳಿಗಾಗಿ ಎಳೆಯುವ ರಭಸಕ್ಕೆ ಎಣ್ಣೆಯೂ ಎಳೆಯಲ್ಪಡುತ್ತದೆ.

3. ಇಂಜಿನಿನ ಉಸಿರುಕೊಳವೆ. ಇದು ಕಟ್ಟಿದರೆ, ಇಲ್ಲವೆ ಪಿಸ್ಟನ್ ಬಳೆಗಳು ಸವೆದಿದ್ದರೆ, ಎಣ್ಣೆತೊಟ್ಟಿಯಲ್ಲಿ ಒತ್ತಡ ಬೆಳೆದು ಇಳಿಯುವ ಎಣ್ಣೆಯನ್ನು ಮೇಲಕ್ಕೆ ತಡೆಯುತ್ತದೆ. ಇಂಜಿನು ನಿಧಾನವಾಗಿ ನಡೆಯುತ್ತಿರುವಾಗ ಎಣ್ಣೆ ಸುರಿಯುವ ಮುಚ್ಚಳವನ್ನು ಎಚ್ಚರಿಕೆಯಿಂದ ತೆಗೆದಲ್ಲಿ, ಹೊಗೆಯು ಬಲವಾಗಿ ಬುಸುಗುಟ್ಟಿದರೆ ಇದೇ ಕಾರಣವೆಂದು ಶಂಕಿಸಬಹುದು. ಅಲ್ಪ ಉಸಿರು ಎಲ್ಲ ಡೀಸೆಲ್ ಇಂಜಿನುಗಳಿಗೂ ಸಹಜವು.

4. ಹಿಂದಿರುಗುವ ಕೊಳವೆ. ಇಂಜಿನು ಪೂರ್ತಿ ತಣಿದ ಮೇಲೆ ಮೇಸ್ತ್ರಿಯಿಂದ ಇದನ್ನು ಬಿಚ್ಚಿಸಿ, ಬೆಳಕಿಗೆ ಹಿಡಿದು ನೋಡಬೇಕು. ಒಳಗೆ ಎಣ್ಣೆ ಸುಟ್ಟು ಹೆಪ್ಪುಗಟ್ಟಿದ ಮಸಿ, ನಗ್ಗು, ಉಬ್ಬಿದ ರಬ್ಬರು ಇರಕೂಡದು. ಕೊಳವೆಯು ಉದ್ದಕ್ಕೂ ಇಳಿಜಾರಾಗಿರಬೇಕು. ನಡುವೆ ತಗ್ಗಿ ಮತ್ತೆ ಏರಬಾರದು. ಟರ್ಬೊವಿನ ಎಣ್ಣೆಬಾಯಿ ನೇರ ಕೆಳಮುಖದಿಂದ 35 ಡಿಗ್ರಿಗಿಂತ ಹೆಚ್ಚು ಓರೆಯಾಗಬಾರದು. ಗ್ಯಾಸ್ಕೆಟಿನ ರಂಧ್ರವು ಕೊಳವೆಯ ಬಾಯಿಗೆ ಸರಿಹೊಂದಬೇಕು. ಈ ಜೋಡಣೆಗೆ ಅಂಟು ಬಳಿಯುವುದು ಕೆಟ್ಟ ವಾಡಿಕೆ; ಹಿಸುಕಿ ಒಳಬಂದ ಅಂಟು ಕಳಚಿ ದಾರಿಯನ್ನು ಮುಚ್ಚುತ್ತದೆ.

5. ದಂಡದ ಅಲುಗಾಟ. ಮೇಲಿನ ನಾಲ್ಕೂ ಸರಿಯಿದ್ದರೆ ಮಾತ್ರ ಟರ್ಬೊವನ್ನು ಶಂಕಿಸತಕ್ಕದ್ದು. ನಿಂತ ಇಂಜಿನಿನಲ್ಲಿ ದಂಡವು ಅಡ್ಡಕ್ಕೆ ತುಸು ಅಲುಗುವುದು ದೋಷವಲ್ಲ, ಏಕೆಂದರೆ ಅಲ್ಲಿ ಎಣ್ಣೆಯ ಪೊರೆಗೆ ಎಡೆಯಿರಬೇಕು. ಉದ್ದಕ್ಕೆ ಹಿಂದುಮುಂದಾಗುವುದು ಕೈಗೆ ತಿಳಿಯುವಷ್ಟಿದ್ದರೆ, ಇಲ್ಲವೆ ಚಕ್ರದ ಅಲಗು ಗೋಡೆಗೆ ಉಜ್ಜಿದ ಗುರುತಿದ್ದರೆ ಟರ್ಬೊ ಸವೆದಿದೆಯೆಂದು ಹೇಳಬಹುದು.

ಒಂದು ದೊಡ್ಡ ಅಪಾಯ

ಗಾಳಿಕೊಳವೆಗೆ ಎಣ್ಣೆ ಹೆಚ್ಚಾಗಿ ನುಗ್ಗಿದರೆ ಡೀಸೆಲ್ ಇಂಜಿನು ಆ ಎಣ್ಣೆಯನ್ನೇ ಉರಿಸಿಕೊಂಡು ಓಡತೊಡಗುತ್ತದೆ. ಕೀಲಿ ತಿರುವಿದರೂ ನಿಲ್ಲದೆ ವೇಗ ಏರುತ್ತಲೇ ಹೋಗಿ ಇಂಜಿನು ಒಡೆಯುವುದೂ ಉಂಟು. ಗೇರನ್ನು ಕೈಯಿಂದ ಬದಲಿಸುವ ವಾಹನದಲ್ಲಿ, ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಮೇಲಿನ ಗೇರಿಗೆ ಹಾಕಿ ಕ್ಲಚ್ಚನ್ನು ಬಿಟ್ಟು ಇಂಜಿನನ್ನು ಆರಿಸಬೇಕು. ಗಾಳಿಕೊಳವೆಯ ಬಾಯಿಗೆ ಕೈಯನ್ನಾಗಲಿ ಬಟ್ಟೆಯನ್ನಾಗಲಿ ಒಡ್ಡಲೇಬಾರದು. ಆರಿಸುವುದು ಅಸಾಧ್ಯವಾದರೆ ಎಲ್ಲರೂ ದೂರ ಸರಿಯುವುದೇ ಕ್ಷೇಮವು. ಆದುದರಿಂದ ನೀಲಿ ಹೊಗೆ ದಟ್ಟವಾದ ವಾಹನವನ್ನು ಪೇಟೆಯವರೆಗೆ ಓಡಿಸಿಕೊಂಡು ಹೋಗದೆ, ಎಳೆಸಿಕೊಂಡು ಹೋಗತಕ್ಕದ್ದು.

ಮುನ್ನೆಚ್ಚರಿಕೆಗಳು

ತಯಾರಕರು ಸೂಚಿಸಿದ ದರ್ಜೆಯ ಎಣ್ಣೆಯನ್ನೇ ಹಾಕಿ, ಎಣ್ಣೆಯನ್ನೂ ಅದರ ಶೋಧಕವನ್ನೂ ಅವಧಿ ಮೀರದಂತೆ ಬದಲಿಸಬೇಕು. ದೂರದ ಓಟದ ನಂತರ ಒಂದೆರಡು ನಿಮಿಷ ಇಂಜಿನನ್ನು ನಿಧಾನವಾಗಿ ನಡೆಸಿ ಆಮೇಲೆ ಆರಿಸಬೇಕು. ಹಾಗೆ ಮಾಡದಿದ್ದರೆ ಕಾದ ಟರ್ಬೊವಿನಲ್ಲಿ ನಿಂತ ಎಣ್ಣೆ ಸುಟ್ಟು ಮಸಿಯಾಗುತ್ತದೆ. ಹಾಗೆಂದು ಗಂಟೆಗಟ್ಟಲೆ ನಿಂತಲ್ಲೇ ನಡೆಸುವುದೂ ಸಲ್ಲದು. ಆಗ ಟರ್ಬೊವಿನ ಒಳಗಣ ಗಾಳಿಯ ಒತ್ತಡ ತಗ್ಗಿ ಎಣ್ಣೆ ಜಿನುಗಬಹುದು. ಟರ್ಬೊವನ್ನು ಬದಲಿಸಲೇಬೇಕಾದಾಗ ಎರಡು ಎಣ್ಣೆಕೊಳವೆಗಳನ್ನೂ ಶುಚಿಗೊಳಿಸಿ, ಇಲ್ಲವೆ ಹೊಸವನ್ನೇ ಹಾಕಿಸತಕ್ಕದ್ದು.

ಗ್ರಾಮದ ಯಜಮಾನರು ಈ ಕ್ರಮವನ್ನು ತಮ್ಮ ಊರಿನ ವಾಹನದಾರರಿಗೆ ತಿಳಿಯಹೇಳುವುದು ಉಪಯುಕ್ತವು. ಹೊಸ ಟರ್ಬೊವಿಗೆ ಹಣ ಕೊಡುವ ಮೊದಲು, ಹಿಂದಿರುಗುವ ಕೊಳವೆಯನ್ನು ಬಿಚ್ಚಿ ತೋರಿಸೆಂದು ಮೇಸ್ತ್ರಿಯನ್ನು ಕೇಳಿದರೆ, ಒಂದು ಬೆಳೆಯ ಲಾಭವೇ ಉಳಿಯುವ ಸಂಭವವುಂಟು.