‘ಶೇರು’ ಎಂಬ ಶಬ್ದದ ನಾನಾರ್ಥಗಳು

ಮುಧೋಳ ತಾಲೂಕಿನ ತಿಮ್ಮಾಪುರದ ಸೀಮೆಯು ಕಬ್ಬಿನ ಸೀಮೆ. ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾದುದು ಇದೇ ಊರಿನಲ್ಲಿ. ಅದರ ನೆಲೆಗೆ ರನ್ನನಗರವೆಂದು ಹೆಸರು. ಆ ಕಡೆಯ ಒಕ್ಕಲುಮನೆಯೊಂದನ್ನು ವಾಚಕರು ಕ್ಷಣಕಾಲ ಮನಸ್ಸಿಗೆ ತಂದುಕೊಳ್ಳಬೇಕು. ಅಜ್ಜನ ಟ್ರಂಕಿನಲ್ಲಿ ಕಾರ್ಖಾನೆಯ ಶೇರುಪತ್ರ. ಅಡಿಗೆಮನೆಯ ಮೂಲೆಯಲ್ಲಿ ಜೋಳ ಅಳೆಯುವ ಹಳೆಯ ಶೇರು. ಮಗನ ಬಾಯಲ್ಲಿ ಮುಂಬಯಿಯ ಶೇರುಪೇಟೆಯ ಸುದ್ದಿ. ಮೊಮ್ಮಗಳು ಜಾತ್ರೆಯ ಚಿತ್ರವನ್ನು ಮೊಬೈಲಿನಿಂದ ಗೆಳತಿಯರಿಗೆ ‘ಶೇರ್’ ಮಾಡುವಳು. ಹೀಗೆ ಒಂದೇ ಸೂರಿನ ಕೆಳಗೆ ನಾಲ್ಕು ಶೇರುಗಳು! ಇವುಗಳಲ್ಲಿ ಅಳತೆಯ ಶೇರು ಮಾತ್ರ ನಮ್ಮ ಸೇರು. ಉಳಿದ ಮೂರೂ ಒಂದೇ ಇಂಗ್ಲೀಷು ಶಬ್ದದ ಮಕ್ಕಳು.

ಈ ಶಬ್ದದ ಅರ್ಥವನ್ನು ಬಿಡಿಸಿ ನೋಡುವದು ಬರಿಯ ಪಂಡಿತರ ವಿನೋದವೆಂದು ನಾವು ಎಣಿಸಿಲ್ಲ. ಅದು ಕಾಗದಪತ್ರಗಳಲ್ಲಿ ಬಂದಾಗ ತಪ್ಪಾಗಿ ತಿಳಿದುಕೊಂಡರೆ ಹೊಲವೋ ಹಣವೋ ಕೈಬಿಡುವ ಪ್ರಸಂಗವುಂಟು. ಮೇಲಾಗಿ ಶಬ್ದಾರ್ಥದ ವಿಚಾರವು ಈ ನೆಲಕ್ಕೆ ಹೊಸದೂ ಅಲ್ಲ. ಮುದುವೊಳಲೆಂದು ಹಿಂದೆ ಹೆಸರಾಂತ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ, ಕ್ರಿ. ಶ. 949ರಲ್ಲಿ ಹುಟ್ಟಿದ ರನ್ನನು ಮಹಾಕಾವ್ಯಗಳನ್ನು ಬರೆದುದಲ್ಲದೆ ‘ರನ್ನಕಂದ’ವೆಂಬ ನಿಘಂಟನ್ನೂ ರಚಿಸಿದನೆಂದು ವಿದ್ವಾಂಸರು ಹೇಳುವರು. ಅದರ ಕೆಲವೇ ಪದ್ಯಗಳು ಇಂದಿಗೆ ಉಳಿದಿವೆ.

ಮೊದಲು ಮೂಲವನ್ನು ನೋಡೋಣ. ಇಂಗ್ಲೀಷಿನ ‘ಶೇರ್’ ಎಂಬುದಕ್ಕೆ ಹಳೆಯ ಅರ್ಥವು ಕತ್ತರಿಸಿದ್ದು ಎಂದು. ಕುರಿಯ ಉಣ್ಣೆ ಕತ್ತರಿಸುವ ಕತ್ತರಿಗೆ ಅವರು ಇಟ್ಟ ‘ಶಿಯರ್ಸ್’ ಎಂಬ ಹೆಸರು ಇದರ ಸೋದರ ಶಬ್ದ. ನೆಲವನ್ನು ಸೀಳುವ ನೇಗಿಲ ಗುಳಕ್ಕೂ ಅವರಲ್ಲಿ ‘ಶೇರ್’ ಎಂದೇ ಹೆಸರು. ನಮ್ಮ ‘ಪಾಲು’ ಶಬ್ದವೂ ಸೀಳು, ಬೇರೆಯಾಗು ಎಂಬರ್ಥದ ದ್ರಾವಿಡ ಧಾತುವಿಗೆ ಸಂಬಂಧಪಟ್ಟುದು. ಸಂಸ್ಕೃತದ ‘ಭಾಗ’ವು ‘ಭಜ್’ ಧಾತುವಿನಿಂದ ಬಂದಿತು. ವಿಶೇಷವೇನೆಂದರೆ ‘ಭಕ್ತಿ’ಯೂ ಅದೇ ಧಾತುವಿನ ಸಂತಾನ. ಹಂಚುವದು, ಹಂಚಿದುದರಲ್ಲಿ ಕೂಡಿಕೊಳ್ಳುವದು, ಇವೆರಡೂ ಆ ಧಾತುವಿನಲ್ಲಿ ಅಡಗಿವೆ. ಇಂಗ್ಲೀಷು ಶಬ್ದಕ್ಕೂ ಈ ಎರಡು ಮುಖಗಳುಂಟು: ಅದು ಬೇರೆ ಮಾಡುವ ಮಾತೂ ಅಹುದು, ಕೂಡಿಸುವ ಮಾತೂ ಅಹುದು. ಕನ್ನಡವಾದರೋ ಇವನ್ನು ಬೇರೆ ಬೇರೆಯಾಗಿ ಹೇಳಬಲ್ಲುದು. ಅಣ್ಣತಮ್ಮಂದಿರು ಹೊಲವನ್ನು ‘ಪಾಲು ಮಾಡಿಕೊಳ್ಳುವರು’. ನೆರೆಹೊರೆಯವರು ಮದುವೆಯ ಸಂಭ್ರಮದಲ್ಲಿ ‘ಪಾಲುಗೊಳ್ಳುವರು’. ಮೊದಲನೆಯದರಲ್ಲಿ ಮನೆ ಒಡೆಯುವದು, ಎರಡನೆಯದರಲ್ಲಿ ಮನೆ ತುಂಬುವದು.

ಇನ್ನು ಪರ್ಯಾಯ ಪದಗಳ ವಿಚಾರ. ‘ಪಾರ್ಟ್’ ಎಂದರೆ ಇಡಿಯದೊಂದರ ತುಂಡು. ಅದಕ್ಕೆ ಒಡೆಯನಿರಬೇಕೆಂಬ ನಿಯಮವಿಲ್ಲ. ‘ಪೋರ್ಶನ್’ ಎಂಬುದು ಅಳೆದು ಬಡಿಸಿದ ತುತ್ತು. ‘ಕೋಟಾ’ ಎಂಬುದು ಮೇಲಿನವರು ಗೊತ್ತುಮಾಡಿದ ಪ್ರಮಾಣ. ‘ಲಾಟ್’ ಎಂದರೆ ಚೀಟಿ ಎತ್ತಿದಾಗ ಪಾಲಿಗೆ ಬಂದದ್ದು. ‘ಶೇರ್’ ಎಂಬಲ್ಲಿ ಮಾತ್ರ ತುಂಡಿನ ಜೊತೆಗೆ ಹಕ್ಕುದಾರನೂ ಇದ್ದಾನೆ: ಇಂಥವರಿಗೆ ಸಲ್ಲತಕ್ಕ ಅಂಶವೆಂಬುದೇ ಅದರ ಜೀವಾಳ. ಅರಬ್ಬಿಯಿಂದ ಬಂದು ಮನೆಮಾತಾದ ನಮ್ಮ ‘ಹಿಸ್ಸೆ’ಯು ಇದಕ್ಕೆ ತೀರ ಸಮೀಪವಾದುದು.

ಹೊಲದ ಮಾತಿಗೆ ಬಂದರೆ ಉತ್ತರ ಕರ್ನಾಟಕದಲ್ಲಿ ‘ಕೋರು’ ಎಂಬ ಸೊಗಸಾದ ಶಬ್ದವಿದೆ. ಭೂಮಿ ಒಬ್ಬನದು, ದುಡಿಮೆ ಇನ್ನೊಬ್ಬನದು, ಬಂದ ಫಲದಲ್ಲಿ ಇಬ್ಬರಿಗೂ ಪಾಲು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನು ಕರ್ನಾಟಕದ ಭೂಸುಧಾರಣಾ ಕಾನೂನು ತೆಗೆದುಹಾಕಿತಾದರೂ ಶಬ್ದವು ಜನರ ಬಾಯಿಂದ ಹೋಗಿಲ್ಲ. ಕೋರಿನವನಿಗೆ ಇರುವದು ಬೆಳೆಯಲ್ಲಿ ಪಾಲೇ ಹೊರತು ಭೂಮಿಯಲ್ಲಲ್ಲ. ಇಂಗ್ಲೀಷಿನಲ್ಲಿ ಇದೂ ‘ಶೇರ್’, ಅದೂ ‘ಶೇರ್’.

ಕಾರ್ಖಾನೆಯ ಶೇರಿನ ಬಗೆಯೇ ಬೇರೆ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದಂದಿನಿಂದ ನಮ್ಮ ರೈತರಿಗೆ ಈ ಶೇರಿನ ಪರಿಚಯವುಂಟು. ಸಹಕಾರದಲ್ಲಿ ಹತ್ತು ಶೇರು ಕೊಂಡವನಿಗೂ ಒಂದೇ ಮತ, ಒಂದು ಶೇರಿನವನಿಗೂ ಒಂದೇ ಮತ. ಕಂಪನಿಯಲ್ಲಿ ಹಾಗಲ್ಲ, ಅಲ್ಲಿ ಸಾಮಾನ್ಯವಾಗಿ ಶೇರು ಹೆಚ್ಚಿದಷ್ಟು ಮತವೂ ಹೆಚ್ಚು. ಕಂಪನಿಯ ಶೇರು ಪೇಟೆಯಲ್ಲಿ ದಿನದಿನಕ್ಕೆ ಏರುವದು, ಇಳಿಯುವದು. ಸಹಕಾರಿ ಸಂಘದ ಶೇರು ಅಂಥ ಪೇಟೆಗೆ ಹೋಗುವದಿಲ್ಲ. ಎರಡನ್ನೂ ‘ಶೇರು’ ಎಂದು ಕರೆದು, ಒಂದರ ಆಸೆಯನ್ನು ಇನ್ನೊಂದರ ಮೇಲೆ ಇಡುವವನು ನಿರಾಶನಾಗುವನು. ಎಲ್ಲಿಯೇ ಆಗಲಿ, ಶೇರು ಕೊಂಡವನು ಲಾಭಕ್ಕೆ ಹೇಗೋ ಹಾಗೆ ಹಾನಿಗೂ ಪಾಲುದಾರನೆಂಬುದನ್ನು ಮರೆಯಬಾರದು.

ಆದರೆ ಈ ಶಬ್ದವು ಎಲ್ಲಕ್ಕಿಂತ ತೀಕ್ಷ್ಣವಾಗುವದು ಮನೆಯ ವಾಟಣಿಯಲ್ಲಿ. ಹಿಂದೂಗಳ ದಾಯವಿಭಾಗಕ್ಕೆ ಬಂಗಾಲದ ಹೊರಗೆ ಬಹುಮಟ್ಟಿಗೆ ಆಧಾರವಾದ ‘ಮಿತಾಕ್ಷರಾ’ ಗ್ರಂಥವು ಕನ್ನಡ ನಾಡಿನದೇ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಅದನ್ನು ಬರೆದನು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕೆಂಬುದು ಆ ಪಂಥದ ಸಾರ. ಮಗಳಿಗೆ ಆ ಹಕ್ಕು ಬರಲು ಬಹುಕಾಲ ಹಿಡಿಯಿತು. 1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಅದುವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಅದನ್ನು ಕೊಟ್ಟಿತು. 2005ರ ಸಪ್ಟಂಬರ 9ರಿಂದ ಕೇಂದ್ರದ ಕಾನೂನು ಮದುವೆಯಾದವರಿಗೂ ಆಗದವರಿಗೂ ಸಮನಾಗಿ ಕೊಟ್ಟಿತು. ಆ ದಿನ ತಂದೆ ಬದುಕಿರಬೇಕೆಂಬ ನಿರ್ಬಂಧವಿಲ್ಲವೆಂದು 2020ರ ಆಗಸ್ಟ 11ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. 2004ರ ಡಿಸೆಂಬರ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಮುಗಿದ ವಾಟಣಿಗಳನ್ನು ಮಾತ್ರ ಅದು ಕೆದಕುವದಿಲ್ಲ.

ಹೀಗಿದ್ದರೂ ಎಷ್ಟೋ ಮನೆಗಳಲ್ಲಿ ಅಕ್ಕತಂಗಿಯರನ್ನು ಕರೆಸಿ, ಸೀರೆ ಕುಪ್ಪಸ ಉಡಿಸಿ, “ಇಲ್ಲೊಂದು ಸಹಿ ಹಾಕವ್ವ” ಎನ್ನುವ ರೂಢಿಯುಂಟು. ಆ ಕಾಗದದಲ್ಲಿ ‘ನನ್ನ ಹಿಸ್ಸೆಯ ಹಕ್ಕನ್ನು ಬಿಟ್ಟಿರುತ್ತೇನೆ’ ಎಂದಿರುವದು. ಪ್ರೀತಿಯಿಂದ ಬಿಟ್ಟುಕೊಡುವದು ಅವಳ ಇಚ್ಛೆ. ಆದರೆ ತಾನು ಬಿಟ್ಟುಕೊಡುವದೇನೆಂದು ತಿಳಿಯದೆ ಕೊಟ್ಟುದು ಪ್ರೀತಿಯ ಕೊಡುಗೆ ಹೇಗಾದೀತು? ‘ದಾಯಾದಿ’ ಎಂದರೆ ದಾಯಕ್ಕೆ ಭಾಗಿಯಾದವನೆಂದಷ್ಟೇ ಅರ್ಥ. ಆ ಮಾತು ನಮ್ಮಲ್ಲಿ ಹಗೆಯೆಂಬ ಅರ್ಥವನ್ನು ಹೊತ್ತುದು ಪಾಲಿನ ದೋಷದಿಂದಲ್ಲ, ಪಾಲು ಮಾಡುವಾಗಿನ ಕಪಟದಿಂದ.

ಕಡೆಯದಾಗಿ ಮೊಬೈಲಿನ ‘ಶೇರ್’. ಇಲ್ಲಿ ಕೊಟ್ಟವನಿಗೆ ಏನೂ ಕಡಿಮೆಯಾಗುವದಿಲ್ಲ. ಚಿತ್ರವು ಇಬ್ಬರಲ್ಲಿಯೂ ಇಡಿಯಾಗಿಯೇ ಉಳಿಯುವದು. ಅದಕ್ಕೆ ‘ಕಳಿಸು’ ಎಂಬ ಸರಳ ಮಾತೇ ಸಾಕು. ಬ್ಯಾಂಕಿನವರು ‘ಗುಪ್ತ ಸಂಖ್ಯೆಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ’ ಎಂದು ತಿಳಿಸುವರಷ್ಟೆ. ಹೋಳಿಗೆಯನ್ನು ಹಂಚಿಕೊಳ್ಳುವದನ್ನು ಬಲ್ಲ ಮುದುಕಿಗೆ ಸಂಖ್ಯೆಯನ್ನು ಹಂಚಿಕೊಳ್ಳುವದೆಂದರೆ ಏನು ಹೊಳೆದೀತು? ‘ಯಾರು ಕೇಳಿದರೂ ಹೇಳಬೇಡಿರಿ’ ಎಂದು ಬರೆದರೆ ಅವಳ ಹಣ ಉಳಿಯುವದು. ಇಂಗ್ಲೀಷು ಶಬ್ದಕ್ಕೆ ಒಂದೇ ಕನ್ನಡವನ್ನು ಎಲ್ಲೆಡೆಗೂ ಅಂಟಿಸುವದರ ಕೇಡು ಇದು.

ಆದುದರಿಂದ ನಮ್ಮ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ‘ಶೇರು’ ಎಂದು ಬರೆದ ಯಾವ ಕಾಗದವಾದರೂ ಕೈಗೆ ಬಂದಾಗ, ಇದು ಬೆಳೆಯ ಕೋರೋ, ಸಂಘದ ಪಾಲೋ, ಪೇಟೆಯ ಸರಕೋ, ವಂಶದ ಹಿಸ್ಸೆಯೋ ಎಂದು ಕನ್ನಡದಲ್ಲಿ ಕೇಳಿ ತಿಳಿದುಕೊಂಡು ಅನಂತರ ಸಹಿ ಮಾಡತಕ್ಕದ್ದು. ಮನೆಯ ಹೆಣ್ಣುಮಕ್ಕಳಿಗೂ ಹಾಗೆಯೇ ಓದಿ ಹೇಳತಕ್ಕದ್ದು. ‘ಪಾಲಿಗೆ ಬಂದದ್ದು ಪಂಚಾಮೃತ’ ಎಂಬ ಗಾದೆಯು ಒಳ್ಳೆಯದೇ. ಆದರೆ ಅದನ್ನು ಪಡೆದವರು ತಾವಾಗಿ ಆಡಬೇಕೇ ಹೊರತು ಪಾಲು ಮಾಡುವವನು ಆಡಿ ತೋರಿಸತಕ್ಕ ಮಾತಲ್ಲ.